ನಲಿಕಲಿ ಮಕ್ಕಳಿಗೆ ಹಾಡು: ಕಿರುಚಾಟಕ್ಕೆ ಏನು ಮಾಡಲಿ?

ನಲಿಕಲಿ ಮೇಷ್ಟ್ರು:
ನಮಸ್ಕಾರ. ಹಾಸನದ ಕಡೆ ಸರ್ಕಾರಿ ಶಾಲೆ. ಒಂದರಿಂದ ಮೂರನೇ ಕ್ಲಾಸಿನವರು ಒಟ್ಟಿಗೆ ಕೂರುತ್ತಾರೆ. ಸಂಗೀತದ ಟೀಚರ್ ಇಲ್ಲ, ಹಾರ್ಮೋನಿಯಂ ಇಲ್ಲ, ನಾನೇ ಹಾಡಿಸಬೇಕು. ಶುರು ಮಾಡಿದ ಕೂಡಲೇ ಅರ್ಧ ಮಕ್ಕಳು ಕಿರುಚುತ್ತಾರೆ, ಉಳಿದವರು ಗೊಣಗುತ್ತಾರೆ. ನನ್ನದು ದಪ್ಪ ದನಿ ಬೇರೆ. 40 ನಿಮಿಷ ಹೇಗೆ ನಡೆಸಲಿ?

ತಂಬೂರಿ ಟೀಚರ್:
ಮೇಷ್ಟ್ರೇ, ಆ ದಪ್ಪ ದನಿಯೇ ಕಾರಣ ಇರಬಹುದು. ನಿಮಗೆ ಹಿತವಾದ ಶ್ರುತಿಯಲ್ಲಿ ಹಾಡು ಎತ್ತಿಕೊಂಡರೆ ಮಕ್ಕಳಿಗೆ ಕೆಳಗಿನ ಸ್ವರ ಸಿಗುವುದಿಲ್ಲ. ಕೆಲವರು ಅಲ್ಲೇ ಗೊಣಗುತ್ತಾರೆ, ಕೆಲವರು ಕೂಗುತ್ತಾರೆ. ಪಾಪ, ತುಂಟತನ ಅಂತ ಬೈಯಬೇಡಿ. ಚೆನ್ನಾಗಿ ಹಾಡುವ ಒಂದು ಮಗುವಿಗೆ ಮೊದಲ ಸಾಲು ಹೇಳಲು ಬಿಡಿ. ಅದು ಎಲ್ಲಿ ಎತ್ತಿಕೊಳ್ಳುತ್ತದೋ ಆ ಶ್ರುತಿಗೆ ನೀವು ಹೋಗಿ. ಮೊಬೈಲಿನಲ್ಲಿ ತಂಬೂರಿ ಆ್ಯಪ್ ಇದ್ದರೆ ಅದನ್ನೂ ಅಲ್ಲಿಗೇ ಕೂಡಿಸಿ. ಆಮೇಲೆ ನೀವು ಸಣ್ಣಗೆ ಹಾಡಿ. ಜೋರಾಗಿ ಹಾಡಿದರೆ ಅವರು ನಿಮ್ಮನ್ನೂ ಮೀರಿಸುತ್ತಾರೆ.

ಇನ್ನು 40 ನಿಮಿಷ ಪೂರ್ತಿ ಹಾಡು ಬೇಡ. ಮೊದಲು ಕೈಗೆ ಕೆಲಸ ಕೊಡಿ. ಆದಿತಾಳಕ್ಕೆ ಎಂಟು ಎಣಿಕೆ: ಒಂದು ತಟ್ಟು, ಮೂರು ಬೆರಳು, ಆಮೇಲೆ ತಟ್ಟು-ಬೀಸು, ತಟ್ಟು-ಬೀಸು. ಎಲ್ಲರೂ ಜೋರಾಗಿ ಎಣಿಸಲಿ. ಮುಂದಿನ ಸುತ್ತಿನಲ್ಲಿ ಏಳು, ಎಂಟು ಬಾಯಿಬಿಡದೆ ಮನಸ್ಸಿನಲ್ಲೇ. ಯಾರಾದರೂ ಒಬ್ಬ "ಏಳು!" ಅಂತ ಅಂದೇ ಅನ್ನುತ್ತಾನೆ, ಕ್ಲಾಸೆಲ್ಲ ನಗುತ್ತದೆ. ಆದರೆ ಆ ಮೌನದಲ್ಲೇ ಲಯ ಕೂರುವುದು.

ಕರಟದಕ್ಕ:
ವಾದ್ಯಕ್ಕೆ ದುಡ್ಡು ಬೇಡ. ತೆಂಗಿನ ಕರಟ ಎರಡು ಕುಟ್ಟಿದರೆ ಸಾಕು. ನೀರಿನ ಬಾಟಲಿಗೆ ಹುಣಸೆಬೀಜ ಹಾಕಿ ಮುಚ್ಚಳ ಬಿಗಿ ಮಾಡಿ. ಕೋಲಾಟದ ಕೋಲು ಮಾತ್ರ ಒಂದನೇ ಕ್ಲಾಸಿನ ಕೈಗೆ ಬೇಡ, ತಲೆಗೇ ಬೀಳುತ್ತದೆ!

ರಾಗಪ್ರಿಯ:
ಅದೆಲ್ಲ ಸರಿ, ಸರಳೆ ವರಸೆ, ಅಂದರೆ ಕರ್ನಾಟಕ ಸಂಗೀತದ ಮೊದಲ ಸ್ವರಪಾಠ, ಯಾವಾಗ? ಪುರಂದರದಾಸರ ಕಾಲದಿಂದ ಬಂದ ಪಾಠಕ್ರಮ ಅಲ್ವಾ?

ತಂಬೂರಿ ಟೀಚರ್:
ಮನೆಪಾಠಕ್ಕೆ ಬರುವ ಮಗುವಿಗೆ ಸರಿ. ಆದರೆ ಅದಿರುವುದು ಮಾಯಾಮಾಳವಗೌಳ ರಾಗದಲ್ಲಿ. ಷಡ್ಜದ (ಸ) ಪಕ್ಕದಲ್ಲೇ ಅಂಟಿಕೊಂಡ ರಿಷಭ (ರಿ), ಗಾಂಧಾರದ (ಗ) ಪಕ್ಕದಲ್ಲೇ ಮಧ್ಯಮ (ಮ). ಒಬ್ಬೊಬ್ಬರಾಗಿ ಕೂರಿಸಿ ತಿದ್ದಬೇಕು. ತುಂಬಿದ ಕ್ಲಾಸಿನಲ್ಲಿ ಸುಮ್ನೆ ಗದ್ದಲ ಆಗುತ್ತದೆ. ನಾನಾಗಿದ್ದರೆ ಮೋಹನ ರಾಗದಿಂದ ಶುರು ಮಾಡುತ್ತೇನೆ. ಸ ರಿ ಗ ಪ ದ, ಐದೇ ಸ್ವರ, ಸ್ವರಗಳ ನಡುವೆ ಜಾಗ ಜಾಸ್ತಿ. ಕಿವಿ ಅಷ್ಟು ಬೇಗ ಜಾರುವುದಿಲ್ಲ.

ನಲಿಕಲಿ ಮೇಷ್ಟ್ರು:
ಧನ್ಯವಾದ ಟೀಚರ್. ನಮ್ಮ ಮೂರನೇ ಕ್ಲಾಸಿನ ಒಬ್ಬ ಹುಡುಗಿ ಜಾತ್ರೆಯಲ್ಲಿ ಸೋಬಾನೆ ಹೇಳುತ್ತಾಳೆ. ನಾಳೆ ಅವಳ ಕೈಲೇ ಎತ್ತಿಸುತ್ತೇನೆ. ಕರಟಕ್ಕೆ ಬಿಸಿಯೂಟದ ಅಕ್ಕನಿಗೆ ಹೇಳಿಟ್ಟಿದ್ದೇನೆ.