ಪದ ಬೇಕು: ಚಂದ್ರನ ಮುಂದೆ ಬಾಹ್ಯಾಕಾಶ ನಿಲ್ದಾಣ ಹೋಗುವುದಕ್ಕೆ ಏನನ್ನಬೇಕು?

ಧಾರವಾಡದಿಂದ:

ಎಲ್ಲರಿಗೂ ನಮಸ್ಕಾರ. ಒಂದು ಪದ ತುರ್ತಾಗಿ ಬೇಕು. ನಾಳೆ ಬೆಳಿಗ್ಗೆ ಫ್ಲೆಕ್ಸ್ ಅಂಗಡಿಗೆ ಬರಹ ಕೊಡಬೇಕು. ನಮ್ಮ ಓಣಿಯ ಶಾಲೆಯ ವಿಜ್ಞಾನ ವಸ್ತುಪ್ರದರ್ಶನದಲ್ಲಿ ನಾನು ತೆಗೆದ ಫೋಟೋ ಇಡುತ್ತಿದ್ದಾರೆ. ಅದಕ್ಕೆ ತಲೆಬರಹ.

ಫೋಟೋದಲ್ಲಿ ತುಂಬು ಚಂದ್ರ ಇದ್ದಾನೆ. ಅವನ ಮೇಲೆ ಸಾಲಾಗಿ 14 ಸಣ್ಣ ಕಪ್ಪು ಗುರುತು. ಒಂದೊಂದೂ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವೇ. ಚಂದ್ರನ ಈ ಅಂಚಿನಿಂದ ಆ ಅಂಚಿಗೆ ಅರ್ಧ ಸೆಕೆಂಡಿನಲ್ಲಿ ಅದು ಹಾದು ಹೋಯಿತು. ವಿಡಿಯೊ ತೆಗೆದು ಫ್ರೇಮುಗಳನ್ನು ಜೋಡಿಸಿದ್ದೇನೆ. ಶಟರ್ 1/2000 ಸೆಕೆಂಡಿಗೆ ಇಟ್ಟಿದ್ದೆ, ನಿಧಾನ ಇಟ್ಟರೆ ನಿಲ್ದಾಣ ಬರೀ ಗೀರಾಗಿಬಿಡುತ್ತದೆ. ದೊಡ್ಡದು ಮಾಡಿ ನೋಡಿದರೆ ಎರಡೂ ಬದಿಯ ಸೌರಫಲಕಗಳು ಬೇರೆ ಬೇರೆಯಾಗಿ ಕಾಣುತ್ತವೆ.

ಇದು ಎಲ್ಲ ಕಡೆ ಕಾಣುವಂಥದ್ದಲ್ಲ. ಕಾಣುವ ಪಟ್ಟಿಯ ಅಗಲ ನೆಲದ ಮೇಲೆ ಸುಮಾರು 4 ಕಿ.ಮೀ. ಅಷ್ಟೇ. ನಮ್ಮ ಮನೆ ಅದರ ಹೊರಗೆ ಬಿತ್ತು. 6 ಇಂಚಿನ ದುರ್ಬೀನು ಹೊತ್ತುಕೊಂಡು ನವಲೂರಿಗೆ ಹೋಗಿ, ನಮ್ಮ ಅತ್ತೆಯ ಮನೆಯ ಹಿತ್ತಲಲ್ಲಿ, ಪೇರಲ ಗಿಡಗಳ ನಡುವೆ ಜಾಗ ಮಾಡಿಕೊಂಡು ಕುಳಿತೆ.

‘ಸಂಕ್ರಮಣ’ ಎಂದು ಬರೆದು ಏಳನೆಯ ತರಗತಿಯ ಹುಡುಗಿಗೆ ತೋರಿಸಿದೆ. ‘ಜನವರಿಯಾಗ ತೆಗದಿದ್ದನಾ ಅಕ್ಕಾ?’ ಎಂದು ಕೇಳಿದಳು. ‘ಸಂಚಾರ’ ಅಂದರೆ ಟ್ರಾಫಿಕ್ ಪೊಲೀಸರು ನೆನಪಾಗುತ್ತಾರೆ. ‘ದಾಟುವಿಕೆ’ ಸಪ್ಪೆ. ಇನ್ನೊಂದು, ದುರ್ಬೀನು ಎಂದೇ ಬರೆಯಲೇ? ದೂರದರ್ಶಕ ಅನ್ನಬೇಕೇ?

ಹಾವೇರಿಯಿಂದ:

ಇದರಲ್ಲಿ ಕೇಳುವುದೇನಿದೆ? ಸಂಕ್ರಮಣ. 2004ರಲ್ಲಿ, 2012ರಲ್ಲಿ ಶುಕ್ರ ಸೂರ್ಯನ ಮುಂದೆ ಹೋದಾಗ ಶುಕ್ರ ಸಂಕ್ರಮಣ ಎಂದೇ ಬರೆದೆವು, ಓದಿದೆವು. ಮಗುವಿಗೆ ಗೊತ್ತಿಲ್ಲದಿದ್ದರೆ ಕಲಿಸಿ. ದುರ್ಬೀನು ಪಾರಸಿ ಪದ, ಫಲಕದ ಮೇಲೆ ಬೇಡ.

ಗದಗಿನಿಂದ:

ತಂಗೀ, ನಿಮ್ಮ ಪದ ನಿಮ್ಮ ಪತ್ರದಲ್ಲೇ ಇದೆ. ‘ಹಾದು ಹೋಯಿತು’ ಎಂದು ನೀವೇ ಬರೆದಿದ್ದೀರಿ. ಹಾಯು. ಬೇರೆಲ್ಲಿಯೂ ಹುಡುಕಬೇಡಿ.

ಹಳಗನ್ನಡದಲ್ಲಿ ಇದು ಪಾಯ್. ಪಾಲ್ ಹಾಲಾದಂತೆ ಪಾಯ್ ಹಾಯ್ ಆಯಿತು. ತಮಿಳಿನಲ್ಲಿ ಇವತ್ತಿಗೂ ಪಾಯ್ ಇದೆ: ಜಿಗಿಯುವುದು, ನುಗ್ಗುವುದು, ನೀರು ಹರಿಯುವುದು. ನಮ್ಮಲ್ಲಿಯೂ ನೋಡಿ. ಹೊಳೆ ಹಾಯುತ್ತೇವೆ. ಹೊಲಕ್ಕೆ ನೀರು ಹಾಯಿಸುತ್ತೇವೆ. ಎಮ್ಮೆ ಹಾಯುತ್ತದೆ. ಮೂರರಲ್ಲಿಯೂ ಮುನ್ನುಗ್ಗುವ ಬಿರುಸು ಇದೆ. ದಾಟುವುದರಲ್ಲಿ ಅದಿಲ್ಲ, ಆಮೆಯೂ ರಸ್ತೆ ದಾಟುತ್ತದೆ. ಗಂಟೆಗೆ 28,000 ಕಿ.ಮೀ. ಓಡುವುದಕ್ಕೆ ಹಾಯುವುದೇ ಸರಿ.

ಸಂಕ್ರಮಣದ ಬಗ್ಗೆ ಹಾವೇರಿಯವರಿಗೆ ಒಂದು ಮಾತು. ಸೂರ್ಯ ಒಂದು ರಾಶಿಯಿಂದ ಇನ್ನೊಂದನ್ನು ಹೊಗುವುದು ಸಂಕ್ರಮಣ. ವರ್ಷಕ್ಕೆ ಹನ್ನೆರಡು ಬರುತ್ತವೆ. ಈ ನಿಲ್ದಾಣ ಚಂದ್ರನನ್ನು ಹೊಕ್ಕಿಲ್ಲ. ಅದು ನಮ್ಮಿಂದ 400 ಕಿ.ಮೀ. ಮೇಲಿದೆ, ಚಂದ್ರ 3,84,000 ಕಿ.ಮೀ. ದೂರ ಇದ್ದಾನೆ. ನಮಗೂ ಅವನಿಗೂ ನಡುವೆ ಅಡ್ಡ ಹೋಯಿತು, ಅಷ್ಟೇ. ಶುಕ್ರನಿಗೆ ಹಾಗೆ ಬರೆದದ್ದೇ ತಪ್ಪು. ಒಮ್ಮೆ ತಪ್ಪಿದ್ದನ್ನು ಮತ್ತೆ ತಪ್ಪಬೇಕೆಂದಿಲ್ಲ.

ನಾಮಪದ ಬೇಕೆಂದರೆ ‘ಹಾಯುವಿಕೆ’ ಬೇಡ. ಕಂಡ ಕಂಡ ಕ್ರಿಯಾಪದಕ್ಕೆಲ್ಲ ‘ಇಕೆ’ ಅಂಟಿಸಿ ಕನ್ನಡದ ಜೀವ ತೆಗೆದಿದ್ದೇವೆ. ಆಯ್ ಇಂದ ಆಯ್ಕೆ ಬಂದಂತೆ ಹಾಯ್ ಇಂದ ಹಾಯ್ಕೆ. ಚಂದ್ರಹಾಯ್ಕೆ, ಸೂರ್ಯಹಾಯ್ಕೆ. ಮೂವತ್ತು ವರ್ಷ ಕನ್ನಡ ಕಲಿಸಿದವನು ಹೇಳುತ್ತಿದ್ದೇನೆ, ಧೈರ್ಯವಾಗಿ ಬರೆಯಿರಿ.

ಇನ್ನು ದುರ್ಬೀನು. ದೂರ್ ಎಂದರೆ ದೂರ, ಬೀನ್ ಎಂದರೆ ನೋಡುವುದು. ದೂರದರ್ಶಕವೂ ಅಕ್ಷರಶಃ ಅದೇ. ಒಂದು ಪಾರಸಿಯಿಂದ ಬಂತು, ಇನ್ನೊಂದು ಸಂಸ್ಕೃತದಿಂದ. ಎರಡೂ ಎರವಲೇ. ಹಾಗಿದ್ದ ಮೇಲೆ ಜನರ ಬಾಯಲ್ಲಿ ಇರುವುದನ್ನು ಯಾಕೆ ಬಿಡಬೇಕು?

ಹಾವೇರಿಯಿಂದ:

ಹಾಯ್ಕೆ ಎಂದರೆ ಮಕ್ಕಳು ಜಪಾನಿನ ಕಿರುಗವಿತೆ ಹಾಯ್ಕು ಅಂದುಕೊಳ್ಳುತ್ತಾರೆ. ಸಂಸ್ಕೃತವನ್ನೂ ಪಾರಸಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವವರ ಜೊತೆ ನನಗೆ ವಾದ ಬೇಡ.

ಹುಬ್ಬಳ್ಳಿಯಿಂದ:

ಎಲ್ಲರೂ ಮುಖ್ಯ ತಪ್ಪನ್ನೇ ಬಿಟ್ಟಿದ್ದೀರಿ. 92 ನಿಮಿಷಕ್ಕೊಮ್ಮೆ ಭೂಮಿ ಸುತ್ತುವುದು ‘ನಿಲ್ದಾಣ’ ಹೇಗಾಯಿತು? ನಿಲ್ಲುವುದೇ ಇಲ್ಲ ಅಲ್ವಾ? ಇಂಗ್ಲಿಷನ್ನು ಕುರುಡಾಗಿ ಹಿಂಬಾಲಿಸಿದ ಫಲ ಇದು. ‘ಬಾನ್ನೆಲೆ’ ಅನ್ನಿ.

ಧಾರವಾಡದಿಂದ:

ಎಲ್ಲರಿಗೂ ಧನ್ಯವಾದ. ಅಂಗಡಿಗೆ ಕೊಟ್ಟು ಬಂದೆ. ತಲೆಬರಹ ಹೀಗಿದೆ: ‘ಚಂದ್ರನ ಮುಂದೆ ಹಾಯ್ದ ಬಾಹ್ಯಾಕಾಶ ನಿಲ್ದಾಣ’. ಅದರ ಕೆಳಗೆ, ‘6 ಇಂಚಿನ ದುರ್ಬೀನಿನಿಂದ, ನವಲೂರಿನ ಹಿತ್ತಲಲ್ಲಿ’.

ಹುಬ್ಬಳ್ಳಿಯ ಸರ್, ನಿಲ್ದಾಣವನ್ನು ನಾನು ಬಿಟ್ಟುಕೊಡುವುದಿಲ್ಲ. ನಿಲ್ದಾಣ ತಾನು ನಿಲ್ಲಬೇಕಿಲ್ಲ, ಬಂದವರಿಗೆ ನಿಲ್ಲಲು ತಾಣ ಇದ್ದರೆ ಸಾಕು. 2000ದ ನವೆಂಬರ್‌ನಿಂದ ಅಲ್ಲಿ ಒಂದು ದಿನವೂ ಜನ ಇಲ್ಲದೆ ಇಲ್ಲ. 2025ರ ಜೂನ್‌ನಲ್ಲಿ ಶುಭಾಂಶು ಶುಕ್ಲಾ ಹೋಗಿ 18 ದಿನ ಇದ್ದು ಬಂದರು. ನಮ್ಮ ಕೃಷಿ ವಿಶ್ವವಿದ್ಯಾಲಯ ಮತ್ತು ಧಾರವಾಡ ಐಐಟಿ ಸೇರಿ ರೂಪಿಸಿದ ಪ್ರಯೋಗಕ್ಕಾಗಿ ಹೆಸರುಕಾಳು, ಮೆಂತ್ಯೆ ಅಲ್ಲಿ ಮೊಳಕೆ ಒಡೆದವು. ಇಲ್ಲಿಯ ಕಾಳು ಹೋಗಿ ಇಳಿದ ಜಾಗಕ್ಕೆ ನಿಲ್ದಾಣ ಅನ್ನುವುದರಲ್ಲಿ ನನಗೆ ತಪ್ಪು ಕಾಣುವುದಿಲ್ಲ.

ಹಾವೇರಿಯ ಸರ್, ಸಿಟ್ಟಾಗಬೇಡಿ. ಆ ರಾತ್ರಿ ನಾನು ಕುಳಿತದ್ದು ಪೇರಲ ಗಿಡದ ಕೆಳಗೆ. ಆ ಗಿಡ ಅಮೆರಿಕ ಖಂಡದಿಂದ ಪೋರ್ಚುಗೀಸರ ಜೊತೆ ಬಂದದ್ದು. ಇವತ್ತು ನವಲೂರು ಅಂದರೆ ಪೇರಲ. ದುರ್ಬೀನೂ ನನಗೆ ಹಾಗೇ. ನಮ್ಮ ಅಜ್ಜ ಹೇಳುತ್ತಿದ್ದ ಪದ ಅದು.

ಗದಗಿನ ಅಣ್ಣಾ, ತಲೆಬರಹವನ್ನು ಮತ್ತೆ ಅದೇ ಹುಡುಗಿಗೆ ಓದಿಸಿದೆ. ‘ಎಮ್ಮಿ ಹಾಯ್ದಂಗನಾ ಅಕ್ಕಾ?’ ಎಂದಳು. ಹೌದು, ಅಷ್ಟೇ ಜೋರಾಗಿ ಎಂದೆ. ಹಾಯ್ಕೆಯನ್ನು ಫಲಕಕ್ಕೆ ಹಾಕಲು ಧೈರ್ಯ ಬರಲಿಲ್ಲ. ಆದರೆ ವಿಜ್ಞಾನದ ಮೇಡಂಗೆ ಹೇಳಿದ್ದೇನೆ. ಫೋಟೋದ ಪಕ್ಕ ನಿಂತು ವಿವರಿಸುವ ಮಕ್ಕಳ ಬಾಯಲ್ಲಿ ಒಮ್ಮೆ ಹೇಳಿಸಿ ನೋಡುತ್ತಾರಂತೆ.