ನಾಯಿ ‘ಕಕ್ಕಿದ್ದು’ ವಾಂತಿಯೇ? ‘ತಿಣುಕಿದ್ದೆಲ್ಲ’ ಮಲಬದ್ಧತೆಯೇ?

ಪ್ರಶ್ನೆ: ಮನೆಯಲ್ಲೇ ಹಸಿಮಾಂಸದ ಊಟ ಕೊಡುವವರಿಗಾಗಿ ಒಂದು ಕಿರುಹೊತ್ತಗೆಯ ಕರಡು ತಿದ್ದುತ್ತಿದ್ದೇನೆ. ನಾಯಿಯ ಬಾಯಿಂದ ಹೊರಬಂದದ್ದಕ್ಕೆಲ್ಲ ‘ವಾಂತಿ’ ಎಂದೇ ಇದೆ. ವೈದ್ಯರು ಇದರಲ್ಲಿ ಎರಡು ಬಗೆ ಎನ್ನುತ್ತಾರೆ. ಕನ್ನಡದಲ್ಲಿ ಬೇರೆ ಪದ ಉಂಟೇ? ‘ಆಮಶಂಕೆ’ ನಾಯಿಗೂ ಹೊಂದುತ್ತದೆಯೇ?

ಉತ್ತರ: ಉಂಟು, ಮನೆಮಾತಿನಲ್ಲೇ. ಮಗು ಹಾಲು ‘ಕಕ್ಕಿತು’ ಎನ್ನುತ್ತೇವಲ್ಲ, ಅಲ್ಲಿ ಓಕರಿಕೆ ಇರುವುದಿಲ್ಲ. ಕೆಲವು ಕಡೆ ಕಕ್ಕು, ಕಾರು, ವಾಂತಿ ಮೂರೂ ಒಂದೇ ಅರ್ಥದಲ್ಲಿ ಓಡಾಡುತ್ತವೆ, ನಿಜ. ಆದರೂ ಈ ಹೊತ್ತಗೆಯಲ್ಲಿ ಗೆರೆ ಎಳೆದುಕೊಳ್ಳುವುದು ಒಳ್ಳೆಯದು. ಜೊಲ್ಲು ಸುರಿಸಿ, ಓಕರಿಸಿ, ಹೊಟ್ಟೆ ಹಿಂಡಿ ಹೊರಹಾಕಿದರೆ ವಾಂತಿ. ಹಳದಿ ಪಿತ್ತ ಬೆರೆತಿರಬಹುದು. ತಲೆ ಬಗ್ಗಿಸಿದೊಡನೆ ಅರಗದ ತುಂಡುಗಳು ಹಾಗೇ ಜಾರಿ ಬಿದ್ದರೆ ಕಕ್ಕಿದ್ದು. ಅದು ಹೊಟ್ಟೆಯವರೆಗೆ ಇಳಿದೇ ಇರುವುದಿಲ್ಲ, ಅನ್ನನಾಳದಿಂದಲೇ ಮರಳಿರುತ್ತದೆ.

ಪರಿಹಾರವೂ ಬೇರೆ. ಗಬಗಬನೆ ನುಂಗಿ ಕಕ್ಕುವ ನಾಯಿಗೆ ಖೀಮಾ ಮಾಡಿ ಕೊಡಬೇಕು, ಇಲ್ಲವೇ ಅಗಿಯದೆ ನುಂಗಲಾಗದಷ್ಟು ದೊಡ್ಡ ತುಂಡು ಕೊಡಬೇಕು. ಮಧ್ಯಮ ಗಾತ್ರದ ತುಂಡೇ ಅಪಾಯ. ಮತ್ತೆ ಮತ್ತೆ ಕಕ್ಕಿದರೆ ಮೂಳೆ ಸಿಕ್ಕಿಕೊಂಡಿರಬಹುದು, ಎಕ್ಸ್‌ರೇ ಬೇಕು; ಕಕ್ಕಿದ್ದು ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾ. ಬೆಳಗಿನ ಜಾವ ಬರೀ ಪಿತ್ತ ವಾಂತಿ ಮಾಡಿ ಆಮೇಲೆ ಲವಲವಿಕೆಯಿಂದಿದ್ದರೆ, ರಾತ್ರಿ ಮಲಗುವ ಮುಂಚೆ ಊಟದ ಒಂದು ಪಾಲು ಕೊಟ್ಟು ನೋಡಬಹುದು. ಕೊಬ್ಬು ತಿಂದ ಮೇಲೆ ಪದೇಪದೇ ವಾಂತಿ, ಬೆನ್ನು ಬಾಗಿಸಿ ನಿಲ್ಲುವುದು ಕಂಡರೆ ಮನೆಮದ್ದು ಬೇಡ, ಮೇದೋಜೀರಕದ ಉರಿಯೂತ ಇರಬಹುದು.

‘ಆಮಶಂಕೆ’ ಚೆನ್ನಾಗಿಯೇ ಹೊಂದುತ್ತದೆ: ಸ್ವಲ್ಪಸ್ವಲ್ಪ, ಹಲವು ಸಲ, ಲೋಳೆ, ಕೆಲವೊಮ್ಮೆ ಕೆಂಪು ರಕ್ತ, ಜೊತೆಗೆ ತಿಣುಕಾಟ. ಇದು ದೊಡ್ಡ ಕರುಳಿನ ತೊಂದರೆ. ನೀರುನೀರಾಗಿ ಬಹಳ ಹೋದರೆ ‘ಭೇದಿ’ ಸಾಕು, ಅದು ಹೆಚ್ಚಾಗಿ ಸಣ್ಣ ಕರುಳಿನದು. ಕರಡಿನಲ್ಲಿರುವ ‘ತಿಣುಕಿದರೆ ಮಲಬದ್ಧತೆ’ ಎಂಬ ಸಾಲನ್ನು ದಯವಿಟ್ಟು ತೆಗೆಯಿರಿ. ಅದನ್ನು ನಂಬಿ ಆಮಶಂಕೆಯ ನಾಯಿಗೆ ಹರಳೆಣ್ಣೆ ಕುಡಿಸಿದರೆ ಕರುಳು ಇನ್ನಷ್ಟು ಕೆರಳುತ್ತದೆ. ಕೊನೆಗೆ ಹೊರಬಂದದ್ದು ಏನು ಎಂದು ನೋಡಬೇಕು. ಬೆಳ್ಳಗೆ ಸೀಮೆಸುಣ್ಣದಂತೆ ಪುಡಿಯಾದರೆ ಮೂಳೆ ಹೆಚ್ಚಾಗಿದೆ.

ಅಳತೆಯನ್ನೂ ಸೇರಿಸಿ. 20 ಕೆ.ಜಿ. ತೂಗುವ ನಾಯಿಗೆ ದಿನಕ್ಕೆ 500 ಗ್ರಾಂ ಎಂದುಕೊಂಡರೆ, ಹಸಿಯೂಟದವರ ರೂಢಿಯ ಲೆಕ್ಕದಲ್ಲಿ ಮೂಳೆ 50 ಗ್ರಾಂ, ಲಿವರ್ 25 ಗ್ರಾಂ. ಕೋಳಿಯ ಲೆಗ್ ಪೀಸಿನಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಮೂಳೆಯೇ, ಆದ್ದರಿಂದ 150 ಗ್ರಾಂ ಸಾಕು; ಪಾದದಲ್ಲಿ ಮೂಳೆ ಇನ್ನೂ ಜಾಸ್ತಿ. ಬೇಯಿಸಿದ ಮೂಳೆ ಸೀಳಿ ಚೂಪಾಗುತ್ತದೆ, ಕೊಡಲೇಬಾರದು. ಲಿವರ್ ಹೆಚ್ಚಾದರೆ ಮಲ ಕಡುಬಣ್ಣಕ್ಕೆ ತಿರುಗಿ ಸಡಿಲಾಗುತ್ತದೆ. ಆದರೆ ಕಪ್ಪಗೆ, ಅಂಟಂಟಾಗಿ, ಕೆಟ್ಟ ವಾಸನೆ ಬಂದರೆ ಅದು ಅರಗಿದ ರಕ್ತ. ಲಿವರ್ ಕಡಿಮೆ ಮಾಡಿ ಕಾಯುತ್ತ ಕೂರದೆ ಅಂದೇ ವೈದ್ಯರಿಗೆ ತೋರಿಸಬೇಕು.

ಇನ್ನೊಂದು: ಕರಡಿನಲ್ಲಿ ‘ಫ್ರೀಜರಿನಲ್ಲಿಟ್ಟರೆ ಮಾಂಸ ಶುದ್ಧ’ ಎಂದಿದೆ. ಸಾಲ್ಮೊನೆಲ್ಲಾ ಎಂಬ ರೋಗಾಣು ಅದಕ್ಕೆ ಸಾಯುವುದಿಲ್ಲ. ‘ಕೆಡದಂತೆ ಉಳಿಯುತ್ತದೆ’ ಎಂದಷ್ಟೇ ಬರೆಯಿರಿ.