ಸಹಾಯ ಬೇಕು: ಸೋರುವ ಗ್ರಂಥಾಲಯಕ್ಕೆ ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ) ಹಣ ಪಡೆಯುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ತಾಲ್ಲೂಕು ಕೇಂದ್ರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜೊಂದರಲ್ಲಿ ಪ್ರಭಾರಿ ಪ್ರಾಂಶುಪಾಲನಾಗಿದ್ದೇನೆ. ನಮ್ಮಲ್ಲಿ ಅರ್ಧಕ್ಕಿಂತ ಹೆಚ್ಚು ಪಾಠ ನಡೆಸುವವರು ಅತಿಥಿ ಉಪನ್ಯಾಸಕರು. ಗೌರವಧನ ತಡವಾದಾಗ ಅವರ ಮುಖ ನೋಡಿ ಮಾತನಾಡುವುದೇ ಕಷ್ಟ. ಅದು ನನ್ನ ಕೈಯಲ್ಲಿಲ್ಲ, ಬಿಡಿ.

ಸದ್ಯದ ತಲೆನೋವು ಗ್ರಂಥಾಲಯದ ತಾರಸಿ. ಮಳೆ ಬಂದರೆ ಇತಿಹಾಸದ ಕಪಾಟಿನ ಮೇಲೆ ಟಾರ್ಪಾಲು, ಕೆಳಗೆ ಬಕೆಟ್ಟು. ಸಾದಿಲ್ವಾರು (ಸಣ್ಣಪುಟ್ಟ ಖರ್ಚಿನ) ಹಣ ವಿದ್ಯುತ್ ಬಿಲ್ಲಿಗೂ ಸೀಮೆಸುಣ್ಣಕ್ಕೂ ಮುಗಿದುಹೋಗುತ್ತದೆ. ಕಾಲೇಜು ಅಭಿವೃದ್ಧಿ ಸಮಿತಿಯ ಖಾತೆಗೆ ಬರುವುದು ವಿದ್ಯಾರ್ಥಿಗಳು ಕಟ್ಟುವ ಶುಲ್ಕದ ಅಲ್ಪ ಮೊತ್ತ; ದಾಖಲಾತಿ ಇಳಿದಂತೆ ಅದೂ ಇಳಿದಿದೆ. ಮುಂದಿನ ವರ್ಷ, ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ಮಾನ್ಯತೆಯ ಅವಧಿಯೂ ಮುಗಿಯುತ್ತದೆ.

2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ನಿನ ಸಿಎಸ್‌ಆರ್ ನಿಧಿಯಿಂದ ದುರಸ್ತಿ ಮಾಡಿಸಿಕೊಂಡ ಸರ್ಕಾರಿ ಕಾಲೇಜಿನವರು ಇಲ್ಲಿದ್ದರೆ ದಯವಿಟ್ಟು ತಿಳಿಸಿ. ಹಣ ಸಮಿತಿಯ ಖಾತೆಗೆ ಬಂದಿತೇ, ಕಂಪನಿಯೇ ಕೆಲಸ ಮಾಡಿಸಿತೇ? ಲೋಕೋಪಯೋಗಿ ಎಂಜಿನಿಯರರ ಅಂದಾಜು ಪಟ್ಟಿಯನ್ನು ಮೊದಲೇ ಮಾಡಿಸಬೇಕಾಯಿತೇ? ಕಾಲೇಜು ಶಿಕ್ಷಣ ಇಲಾಖೆಗೆ ಬರೆದ ಅನುಮತಿ ಕೋರಿಕೆಯ ಪತ್ರದ ಮಾದರಿ ಸಿಕ್ಕರೆ ದೊಡ್ಡ ಉಪಕಾರ.

ಶಾಸಕರನ್ನು ಕೇಳಿ ಎನ್ನಬೇಡಿ. ಮನವಿಯ ಮೂರನೆಯ ಪ್ರತಿಯನ್ನೂ ಕೊಟ್ಟು ಬಂದಿದ್ದೇನೆ.